ಗಾಳಿ ಯಾವ ಕಡೆಯದು?

ಜೂನ್ ಬಂತೆಂದರೆ ಊರಿನಿಂದ ಬರುವ ಪ್ರತಿ ಫೋನೂ ಮಳೆಯಿಂದಲೇ ಶುರುವಾಗುತ್ತದೆ. ಧಾರವಾಡದಾಗ ಮಳಿ ಹೆಂಗೈತಿ, ನಮ್ಮಲ್ಲಿ ಹದ ಆತು, ಅಣ್ಣಿಗೇರಿ ಕಡೆ ಇನ್ನೂ ಹನಿ ಬಿದ್ದಿಲ್ಲಂತ. ಎಷ್ಟು ಮಿಲಿಮೀಟರ್ ಎಂಬುದೂ ಈಗ ಎಲ್ಲರ ಬಾಯಲ್ಲಿದೆ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳು ಬಂದಮೇಲೆ ಪಕ್ಕದೂರಿನ ಮಳೆಯ ಲೆಕ್ಕವೂ ಗೊತ್ತಾಗುತ್ತದೆ. ಆದರೆ ಗಾಳಿ ಯಾವ ಕಡೆಯದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ತಾರಸಿಯ ಮೇಲೆ ಕೂತಿದ್ದಾಗ ಈ ಮಾತು ಬಂತು. ಗಾಳಿ ಹಿತವಾಗಿ ಬೀಸುತ್ತಿತ್ತು. ಎತ್ತಲಿಂದ ಬರುತ್ತಿದೆ ಹೇಳಿ ನೋಡೋಣ ಎಂದರೆ ಮನೆಯವರೆಲ್ಲ ತಲೆಗೊಂದು ದಿಕ್ಕು ಹೇಳಿದೆವು. ಮಗಳು ಮೊಬೈಲು ತೆಗೆದು ನೋಡಿ ಪಶ್ಚಿಮ ಎಂದಳು. ನಮ್ಮ ಮೈಗೆ ತಾಗುತ್ತಿದ್ದ ಗಾಳಿಯ ದಿಕ್ಕನ್ನು ನಮಗೆ ಮೊಬೈಲು ಹೇಳಬೇಕಾಯಿತು. ಅದು ನನ್ನ ಮನಸ್ಸಿನಲ್ಲಿ ಬಹಳ ದಿನ ಕೂತುಬಿಟ್ಟಿತು. ಯಾಕೆಂದರೆ ನನ್ನ ಅಜ್ಜನಿಗೆ ಇದು ಕಲಿಯುವ ವಿಷಯವೇ ಆಗಿರಲಿಲ್ಲ, ದಿನದ ಕೆಲಸವಾಗಿತ್ತು.

ಕಣದಲ್ಲಿ ಕಾಯುವುದು

ನಮ್ಮದು ಎರೆಭೂಮಿಯ ಊರು. ಹಿಂಗಾರಿ ಜೋಳದ ರಾಶಿ ನಡೆಯುವುದು ಶಿವರಾತ್ರಿಯ ಆಸುಪಾಸಿಗೆ. ರಾಶಿ ಮಷಿನ್ನು ಇನ್ನೂ ಊರಿಗೆ ಕಾಲಿಡದ ಕಾಲ ಅದು. ಕಣ ಸಾರಿಸಿ, ತೆನೆ ಹರವಿ, ಎತ್ತು ಕಟ್ಟಿ ಹಂತಿ ಹೊಡೆದು, ಕಾಳು ಹೊಟ್ಟು ಎಲ್ಲ ಕಲೆತ ರಾಶಿಯನ್ನು ನಡುವೆ ಗುಡ್ಡೆ ಹಾಕಿದಮೇಲೆ ಉಳಿಯುವುದು ತೂರುವ ಕೆಲಸ. ಅದು ಆಳಿನ ಕೆಲಸವಲ್ಲ, ಗಾಳಿಯ ಕೆಲಸ. ಎತ್ತರದಲ್ಲಿ ನಿಂತವನು ಬುಟ್ಟಿಯನ್ನು ತಲೆಯ ಮಟ್ಟಕ್ಕೆ ಹಿಡಿದು ಸಣ್ಣಗೆ ಸುರಿಯುತ್ತಿದ್ದರೆ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಮಾರು ದೂರ ಹೋಗಿ ಬೀಳುತ್ತದೆ. ಗಾಳಿ ಒಂದೇ ಕಡೆಯಿಂದ, ಒಂದೇ ಸಮ ಬೀಸಿದರೆ ಮಾತ್ರ ಇದೆಲ್ಲ ಆಗುವುದು. ನಡುವೆ ದಿಕ್ಕು ಬದಲಾದರೆ ಆಗಲೇ ಬೇರೆಯಾದ ಹೊಟ್ಟು ತಿರುಗಿ ಬಂದು ಕಾಳಿನ ಮೇಲೇ ಕೂರುತ್ತದೆ, ಅಷ್ಟೂ ಕೆಲಸ ಮೊದಲಿನಿಂದ.

ಅಂಥ ಒಂದು ಮಧ್ಯಾಹ್ನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆಳಗಿನ ಮೂಡಲ ಗಾಳಿ ಹತ್ತು ಗಂಟೆಯ ಹೊತ್ತಿಗೆ ಸತ್ತುಹೋಗಿತ್ತು. ಬಿಸಿಲು ಏರಿ ಕಣದ ಮೇಲೆ ಒಂದೊಂದು ಸಲ ಒಂದೊಂದು ಕಡೆಯಿಂದ ಸುಳಿಗಾಳಿ ಏಳುತ್ತಿತ್ತು. ಆಳುಗಳೆಲ್ಲ ಬೇವಿನ ಮರದ ನೆರಳಿಗೆ ಹೋಗಿ ಕೂತಿದ್ದರು. ಅಜ್ಜ ಮಾತ್ರ ಗುಡ್ಡೆಯ ಪಕ್ಕ ನಿಂತು ಆಗಾಗ ಒಂದು ಚಿಟಿಕೆ ಹೊಟ್ಟನ್ನು ಹೆಗಲ ಎತ್ತರದಿಂದ ಬಿಡುತ್ತಿದ್ದ. ಅದು ಬೀಳುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಮತ್ತೆ ಸುಮ್ಮನೆ ನಿಲ್ಲುತ್ತಿದ್ದ. ನನಗೆ ಬೇಸರ ಬಂದು, ಗಾಳಿ ಬೀಸಾಕತ್ತೇತಲ್ಲ ಅಜ್ಜಾ, ಯಾಕ ತೂರವಲ್ಲಿ ಎಂದು ಕೇಳಿದೆ. "ಬೀಸಾಕತ್ತೇತಿ, ಖರೆ. ಆದರ ಒಂದ ಕಡೆ ನಿಂದ್ರವಲ್ದೋ ತಮ್ಮಾ. ನಿಂತಮ್ಯಾಗ ತೂರೂಣು" ಎಂದ. ಹೊತ್ತು ಇಳಿಯುವಾಗ ಪಡುವಲ ಗಾಳಿ ಬಂತು. ಮೊದಲ ಚಿಟಿಕೆ ಹೊಟ್ಟು ಬಣವೆಯ ಕಡೆಗೆ ಓರೆಯಾಗಿ ಹೋಯಿತು, ಎರಡನೆಯದೂ ಅಲ್ಲಿಗೇ ಹೋಯಿತು, ಮೂರನೆಯದೂ. ಆಗ ಅಜ್ಜ ನೆರಳಿನ ಕಡೆ ತಿರುಗಿ ಕೈಬೀಸಿದ. ಕತ್ತಲಾಗುವವರೆಗೆ ತೂರಿದರು.

ಒಂದು ಚಿಟಿಕೆ ಹೊಟ್ಟು ದಿಕ್ಕು ಹೇಳುತ್ತದೆ. ಮೂರು ಚಿಟಿಕೆ ಒಂದೇ ಕಡೆ ಬಿದ್ದರೆ ಅದು ಗಾಳಿ ಒಂದೇ ದಿಕ್ಕಿಗೆ ನಿಂತಿದೆ ಎಂದು ಹೇಳುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ನನಗೆ ತಿಳಿದದ್ದು ಬಹಳ ತಡವಾಗಿ, ತಾರಸಿಯ ಮೇಲೆ ಗಾಳಿಯ ದಿಕ್ಕು ತೋರುವ ಒಂದು ಬಾಣ ನಿಲ್ಲಿಸಿ ಅದನ್ನು ನೋಡುತ್ತ ಕೂತಮೇಲೆ.

ಆಂಟೆನಾ ಕಂಬದ ಮೇಲೆ

ದೂರದರ್ಶನದ ಕಾಲದ ಆಂಟೆನಾ ಕಂಬ ನಮ್ಮ ತಾರಸಿಯ ಮೂಲೆಯಲ್ಲಿ ಹಾಗೇ ಇತ್ತು. ನಿಮ್ಮಲ್ಲಿಯೂ ಅನೇಕರ ಮನೆಯ ಮೇಲೆ ಇದ್ದೀತು. ಕೇಬಲ್ ಬಂದಮೇಲೆ ಯಾರಿಗೂ ಬೇಡವಾದ ಆ ಜಿಐ ಪೈಪು ಗಾಳಿ ದಿಕ್ಸೂಚಿಗೆ ಹೇಳಿ ಮಾಡಿಸಿದ ಕಂಬ. ಆಂಟೆನಾದ ಅಲ್ಯೂಮಿನಿಯಂ ಕೊಳವೆಗಳೂ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಉದ್ದ ಕೊಳವೆ ಬಾಣದ ದಂಡವಾಗುತ್ತದೆ. ಗೇಣುದ್ದದ ಇನ್ನೊಂದು ತುಂಡು ಅದನ್ನು ಹೊತ್ತು ತಿರುಗುವ ತೋಳಾಗುತ್ತದೆ.

ತಿರುಗುವ ಜಾಗವೇ ಇದರ ಜೀವ. ಬೇರಿಂಗು ಹಾಕಿದರೆ ಚೆನ್ನಾಗಿ ತಿರುಗುತ್ತದೆ ಎಂದು ಎಲ್ಲರಿಗೂ ಮೊದಲು ಹೊಳೆಯುವುದು. ನಾನು ಬೇರಿಂಗು ಬೇಡವೆಂದೇ ತೀರ್ಮಾನಿಸಿದೆ. ಮಳೆಗೆ, ಧೂಳಿಗೆ ಬಿಟ್ಟ ಬೇರಿಂಗು ತುಕ್ಕು ಹಿಡಿಯುತ್ತದೆ, ಗ್ರೀಸ್ ಹಾಕಿದರೆ ಚಳಿಗೆ ಅದೇ ಗಟ್ಟಿಯಾಗಿ ಮೆಲುಗಾಳಿಗೆ ಬಾಣ ಅಲುಗುವುದಿಲ್ಲ. ಅದಕ್ಕಿಂತ ಸರಳವಾದದ್ದು ಪೆನ್ನಿನ ಕ್ಯಾಪಿನ ಉಪಾಯ. ಒಂದು ಉಕ್ಕಿನ ಸಲಾಕೆಯ ತುದಿಯನ್ನು ಚೂಪು ಮಾಡಿ ಕಂಬಕ್ಕೆ ಬಿಗಿಯುವುದು. ಗೇಣುದ್ದದ ಕೊಳವೆಯ ಮೇಲ್ತುದಿಯನ್ನು ಬೋಲ್ಟು ಬಡಿದು ಮುಚ್ಚಿ, ಬೋಲ್ಟಿನ ಕೆಳಮುಖಕ್ಕೆ ಡ್ರಿಲ್ಲಿನಿಂದ ಒಂದು ಸಣ್ಣ ಕುಳಿ ಮಾಡಿ, ಅದನ್ನು ಸಲಾಕೆಯ ಮೇಲೆ ಕವುಚುವುದು. ಇಡೀ ಬಾಣದ ಭಾರ ಒಂದು ಚುಕ್ಕೆಯ ಮೇಲೆ ಕೂರುತ್ತದೆ. ಉಜ್ಜಾಟ ಬಹಳ ಕಡಿಮೆ, ಮೇಲಿನ ಬಾಯಿ ಮುಚ್ಚಿರುವುದರಿಂದ ನೀರು ಒಳಗೆ ಇಳಿಯುವುದಿಲ್ಲ. ಕೊಳವೆ ಗೇಣುದ್ದ ಇರಬೇಕಾದ್ದು ಆಷಾಢದ ಗಾಳಿಗೆ ಅದು ಮೇಲೆದ್ದು ಹಾರಿಹೋಗದಿರಲಿ ಎಂದು. ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಯವರು ಇದನ್ನು ಕೈಯಲ್ಲಿ ಹಿಡಿದು ಊದಿ ನೋಡಿ, ಅದು ಸುತ್ತಿದ್ದಕ್ಕೆ ಮಕ್ಕಳಷ್ಟೇ ಖುಷಿಪಟ್ಟರು.

ಬಾಣದ ಹಿಂದೆ ತಗಡಿನ ಬಾಲ, ಮುಂದೆ ತೂಕಕ್ಕೆ ಕೆಲವು ನಟ್ಟು. ಇಲ್ಲಿ ಎರಡು ಲೆಕ್ಕಗಳಿವೆ, ಒಂದನ್ನೊಂದು ಬೆರೆಸಬಾರದು. ತೂಕ ಎರಡೂ ಕಡೆ ಸಮ ಇರಬೇಕು, ಅಗಲ ಒಂದೇ ಕಡೆ ಹೆಚ್ಚಿರಬೇಕು. ಗಾಳಿ ತಳ್ಳುವುದು ಅಗಲವನ್ನು. ಬಾಲದ ತಗಡು ಅಗಲವಾದ್ದರಿಂದ ಅದನ್ನು ಹಿಂದಕ್ಕೆ ನೂಕುತ್ತದೆ, ಸಣ್ಣ ಮೂತಿ ತಾನಾಗಿ ಗಾಳಿಗೆ ಎದುರಾಗುತ್ತದೆ. ತೂಕದ ಸಮ ನೋಡಲು ಒಂದು ಪರೀಕ್ಷೆ ಇದೆ. ಕಂಬಕ್ಕೆ ಏರಿಸುವ ಮೊದಲು ಸಲಾಕೆಯನ್ನು ಅಡ್ಡಲಾಗಿ ಹಿಡಿದು, ಬಾಣವನ್ನು ಗಡಿಯಾರದ ಮುಳ್ಳಿನ ಹಾಗೆ ಮೇಲೆ ಕೆಳಗೆ ತಿರುಗಿಸಿ ಬಿಡಬೇಕು. ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ತೂಕ ಸರಿ. ಬಾಲವೇ ಪ್ರತಿ ಸಲ ಕೆಳಗೆ ಬಂದರೆ ಮೂತಿಗೆ ಇನ್ನೊಂದು ನಟ್ಟು. ಇದನ್ನು ಬಿಟ್ಟರೆ ಬಾಣ ಗಾಳಿಯ ದಿಕ್ಕು ಹೇಳುವ ಬದಲು ಕಂಬ ಯಾವ ಕಡೆ ವಾಲಿದೆ ಎಂಬುದನ್ನು ಹೇಳುತ್ತದೆ. ಕಂಬವನ್ನೂ ಗೌಂಡಿಗಳು ಗೋಡೆ ನೋಡುವ ತೂಗುಗುಂಡು ಇಳಿಬಿಟ್ಟು ಎರಡು ಕಡೆಯಿಂದ ನೆಟ್ಟಗೆ ನಿಲ್ಲಿಸಿಕೊಳ್ಳಬೇಕು.

ಬಾಲಕ್ಕೆ ಒಂದು ತಗಡು ಸಾಕು. ನಾನು ಎರಡು ತಗಡು ಹಾಕಿ, ಹಿಂದಿನ ಅಂಚುಗಳು ಸ್ವಲ್ಪ ಬಿಚ್ಚಿಕೊಂಡಿರುವಂತೆ ಮಾಡಿದೆ. ಹಳೆಯ ಹವಾಮಾನ ಕೇಂದ್ರಗಳ ದಿಕ್ಸೂಚಿಗಳಲ್ಲಿ ಇಂಥ ಬಾಲವಿರುತ್ತದೆ. ಒಂಟಿ ತಗಡಿಗಿಂತ ಇದು ಕಡಿಮೆ ತೊನೆಯುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದು ಮಾಡುವುದಕ್ಕಿಂತ ಕಷ್ಟದ ಪ್ರಶ್ನೆ. ಹವಾಮಾನ ಇಲಾಖೆಯ ನಿಯಮದಂತೆ ಗಾಳಿಯ ಉಪಕರಣ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿರಬೇಕು. ಸುತ್ತಲಿನ ಯಾವುದೇ ಅಡ್ಡಿ ಅದರ ಎತ್ತರದ ಹತ್ತು ಪಟ್ಟಾದರೂ ದೂರವಿರಬೇಕು. ಎರಡು ಮೀಟರಿನ ನೀರಿನ ಟ್ಯಾಂಕು ಇದ್ದರೆ 20 ಮೀಟರ್ ಆಚೆ. ಯಾವ ಓಣಿಯ ಮನೆಯಲ್ಲಿ ಅಷ್ಟು ಜಾಗವಿದೆ? ಆದ್ದರಿಂದ ಇರುವ ಕಂಬದಲ್ಲೇ ಎತ್ತರ ಹುಡುಕಬೇಕು. ಅದಕ್ಕೆ ಅವ್ವನ ಹಳೆಯ ಸೀರೆಯ ಅಂಚನ್ನು ಸಣ್ಣ ಪಟ್ಟಿಗಳಾಗಿ ಹರಿದು ಕಂಬದುದ್ದಕ್ಕೆ ಅಡಿಗೊಂದರಂತೆ ಕಟ್ಟಿ ನೋಡಿದೆ. ಟ್ಯಾಂಕಿನ ಮಟ್ಟದ ಪಟ್ಟಿಗಳು ಒಮ್ಮೆ ಹಿಂದೆ ಒಮ್ಮೆ ಮುಂದೆ, ಕೆಲವು ಗಾಳಿಗೆ ತೀರ ಎದುರು ದಿಕ್ಕಿಗೆ ಹಾರುತ್ತಿದ್ದವು. ಟ್ಯಾಂಕಿಗಿಂತ ಆಳೆತ್ತರ ಮೇಲಿನವು ಮಾತ್ರ ಎಲ್ಲ ಒಂದೇ ಕಡೆ. ಪಟ್ಟಿಗಳ ಜಗಳ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮೇಲೆ ಬಾಣ. ಇಷ್ಟಾದರೂ ತಾರಸಿಯ ಬಾಣ ಊರಿನ ಗಾಳಿಯನ್ನಷ್ಟೇ ಹೇಳುವುದಿಲ್ಲ, ಪಕ್ಕದ ಮೂರಂತಸ್ತಿನ ಮನೆಯ ವಿಷಯವನ್ನೂ ಸೇರಿಸಿಯೇ ಹೇಳುತ್ತದೆ. ನಮ್ಮಲ್ಲಿ ಬಡಗಣ ಗಾಳಿ ಬೀಸಿದಾಗ ಬಾಣ ತುಸು ಅನುಮಾನಿಸುತ್ತದೆ, ಆ ಕಡೆಗೆ ಆ ಮನೆ ಇದೆ. ಅದನ್ನು ತಿಳಿದುಕೊಂಡು ಓದಿದರಾಯಿತು.

ಉತ್ತರ ಎಲ್ಲಿದೆ

ಬಾಣದ ಕೆಳಗೆ ಅಲುಗದ ನಾಲ್ಕು ಕಡ್ಡಿ ಬೇಕು, ಪೂ, ಪ, ಉ, ದ ಎಂದು. ಮೊಬೈಲಿನ ದಿಕ್ಸೂಚಿ ಇಟ್ಟು ಕಡ್ಡಿ ಕೂರಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಆದರೆ ತಾರಸಿಯ ಕಾಂಕ್ರೀಟಿನೊಳಗೆಲ್ಲ ಕಬ್ಬಿಣದ ಸರಳುಗಳಿವೆ. ಮೊಬೈಲನ್ನು ನೆಲದ ಮೇಲೆ ಎರಡು ಹೆಜ್ಜೆ ಸರಿಸಿ ಇಟ್ಟರೆ ಉತ್ತರವೂ ಸರಿಯುತ್ತದೆ. ಅದಕ್ಕಿಂತ ನೆರಳನ್ನು ನಂಬುವುದು ಮೇಲು.

ಕಾತ್ಯಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ದಿಕ್ಕು ಹಿಡಿಯಲು ಹೇಳಿರುವ ಕ್ರಮವಿದೆ, ಮುಂದೆ ವಾಸ್ತುಗ್ರಂಥಗಳಲ್ಲೂ ಅದೇ ಬಂದಿದೆ. ಸಮನಾದ ನೆಲದ ಮೇಲೆ ಒಂದು ಗೂಟ ನೆಡುವುದು, ಅದೇ ಶಂಕು. ಅದನ್ನು ನಡುವಾಗಿಟ್ಟು ಒಂದು ವೃತ್ತ ಎಳೆಯುವುದು. ಬೆಳಗ್ಗೆ ಉದ್ದವಿದ್ದ ನೆರಳು ಕುಗ್ಗುತ್ತ ಬಂದು ಅದರ ತುದಿ ವೃತ್ತದ ಗೆರೆಯನ್ನು ಮುಟ್ಟುವಲ್ಲಿ ಒಂದು ಗುರುತು. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆಯುತ್ತ ಹೋಗಿ ಇನ್ನೊಂದು ಕಡೆ ಗೆರೆ ಮುಟ್ಟುವಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿದ ಗೆರೆ ಪಶ್ಚಿಮದಿಂದ ಪೂರ್ವಕ್ಕೆ, ಬೆಳಗಿನ ಗುರುತು ಪಶ್ಚಿಮದ್ದು. ಆ ಗೆರೆಗೆ ಲಂಬ ಎಳೆದರೆ ಉತ್ತರ ದಕ್ಷಿಣ. ಅಯಸ್ಕಾಂತದ ಉತ್ತರವಲ್ಲ, ಭೂಮಿಯ ನಿಜ ಉತ್ತರ. ಇದಕ್ಕೆ ಡಿಸೆಂಬರ್ ಒಳ್ಳೆಯ ತಿಂಗಳು. ಆಕಾಶ ತಿಳಿಯಾಗಿರುತ್ತದೆ, ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ನಡುಮಧ್ಯಾಹ್ನದ ನೆರಳೂ ಚೆನ್ನಾಗಿ ಉದ್ದವಿರುತ್ತದೆ, ಅಯನದ ದಿನಗಳಾದ್ದರಿಂದ ಬೆಳಗಿನಿಂದ ಸಂಜೆಗೆ ಸೂರ್ಯನ ದಾರಿ ಬದಲಾಗುವುದು ಬಹಳ ಕಡಿಮೆ. ಮೇ ಮೊದಲ ವಾರ ಮಾಡಹೋದರೆ ಧಾರವಾಡದಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬಂದು ನೆರಳು ಗೂಟದ ಬುಡ ಸೇರಿಬಿಡುತ್ತದೆ.

ಮಗಳು ಸೀಮೆಸುಣ್ಣ ಹಿಡಿದು ನೆರಳಿನ ತುದಿಯನ್ನು ಕಾಯ್ದಳು. ಒಂದು ಗೆರೆಯ ಮೇಲೆ ನೆರಳು ಬರುವುದನ್ನು ಕಾಯುತ್ತ ಕೂರುವ ಅರ್ಧ ಗಂಟೆಯನ್ನು ಯಾವ ಮಗುವಿಗಾದರೂ ಕೊಡಬೇಕು. ಭೂಮಿ ತಿರುಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದು ಅವಳ ಬೆರಳಿನ ಮುಂದೆಯೇ ನಡೆಯಿತು. ರಾತ್ರಿ ಆ ಉತ್ತರದ ಗೆರೆಯ ನೇರಕ್ಕೆ ನಿಂತು ನೋಡಿದರೆ ಧ್ರುವ ನಕ್ಷತ್ರ ಇತ್ತು, ನಮ್ಮ ಅಕ್ಷಾಂಶದಷ್ಟೇ, ಹದಿನೈದು ಡಿಗ್ರಿ ಮೇಲೆ.

ನಿಲ್ಲದ ಬಾಣ

ಬಾಣ ಏರಿಸಿದ ದಿನ ಮಗಳು ಬಹಳ ಹೊತ್ತು ನೋಡಿ, "ಪಪ್ಪಾ, ಇದು ಉಲ್ಟಾ ಆಗೇತಿ. ಗಾಳಿ ಹೊಂಟಿದ್ದು ಆ ಕಡೆ, ಇದು ಈ ಕಡೆ ತೋರ್ಸಾಕತ್ತೇತಿ" ಎಂದಳು. ಎಲ್ಲರೂ ಕೇಳುವ ಪ್ರಶ್ನೆಯೇ. ಗಾಳಿಯನ್ನು ಅದು ಹೋಗುವ ಊರಿನಿಂದಲ್ಲ, ಬಂದ ಊರಿನಿಂದ ಗುರುತಿಸುತ್ತಾರೆ. ಅರಬ್ಬಿ ಸಮುದ್ರದಿಂದ ಬಂದದ್ದು ನೀರು ತರುತ್ತದೆ, ದಖನ್ನಿನ ಒಣ ಬಯಲಿನಿಂದ ಬಂದದ್ದು ತುಟಿ ಒಡೆಸುತ್ತದೆ. ಬಂದ ದಿಕ್ಕು ತಿಳಿದರೆ ಏನು ತಂದಿದೆ ಎಂಬುದು ತಿಳಿಯುತ್ತದೆ, ಅದೇ ನಮಗೆ ಬೇಕಾದದ್ದು.

ನೋಡಲು ಬಂದವರೆಲ್ಲ ಹೇಳುವ ಇನ್ನೊಂದು ಮಾತು: ಇದು ನಿಲ್ಲೋದೇ ಇಲ್ಲವಲ್ಲ, ಎಲ್ಲೋ ಸಡಿಲ ಆಗಿದೆ. ಸಡಿಲವಾಗಿಲ್ಲ. ನೆಲದ ಹತ್ತಿರದ ಗಾಳಿ ಮನೆ, ಮರ, ಬಿಸಿನೆಲಗಳಿಗೆ ತಾಗಿ ಸುಳಿಸುಳಿಯಾಗಿಯೇ ಹರಿಯುವುದು, ಬಾಣ ಅದನ್ನು ಇದ್ದಂತೆ ಹೇಳುತ್ತಿದೆ. ಹವಾಮಾನ ಕೇಂದ್ರಗಳು ಹತ್ತು ನಿಮಿಷದ ಸರಾಸರಿ ತೆಗೆದುಕೊಳ್ಳುವುದು ಇದಕ್ಕಾಗಿಯೇ. ಒಂದು ನೋಟಕ್ಕೆ ಕಂಡ ದಿಕ್ಕನ್ನು ಬರೆದುಕೊಂಡರೆ ಅದು ಗಾಳಿಯ ದಿಕ್ಕಲ್ಲ, ಒಂದು ಸುಳಿಯ ದಿಕ್ಕು. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ, ಕೆಲವು ನಿಮಿಷ ನಿಂತು ನೋಡಿ ಬಾಣ ಯಾವ ಎರಡು ಅಂಚಿನ ನಡುವೆ ಆಡುತ್ತಿದೆ ಎಂದು ಗುರುತಿಸಿ ಅದರ ನಡುವನ್ನು ಬರೆಯುವುದು. (ಡಿಗ್ರಿಯಲ್ಲಿ ಬರೆದು ಸರಾಸರಿ ತೆಗೆಯುವವರಿಗೆ ಒಂದು ಎಚ್ಚರಿಕೆ. ಗಾಳಿ ಉತ್ತರದ ಆಚೀಚೆ ಆಡುತ್ತ ಒಮ್ಮೆ 350, ಒಮ್ಮೆ 10 ಎಂದು ತೋರಿದರೆ ಕೂಡಿ ಭಾಗಿಸಿದಾಗ 180 ಬರುತ್ತದೆ, ಅದು ತೀರ ಎದುರಿನ ದಕ್ಷಿಣ! ಹವಾಮಾನದವರು ಇದಕ್ಕೆ ಸೈನ್ ಕೊಸೈನ್ ಬಳಸುತ್ತಾರೆ. ನಮಗೆ ಕಣ್ಣು ಸಾಕು.)

ಎಷ್ಟು ಆಡುತ್ತಿದೆ ಎಂಬುದೂ ಒಂದು ಸುದ್ದಿಯೇ ಎಂದು ಆಮೇಲಾಮೇಲೆ ತಿಳಿಯಿತು. ನಾನು ಪುಸ್ತಕದಲ್ಲಿ ದಿಕ್ಕಿನ ಪಕ್ಕ ಅದನ್ನೂ ಬರೆಯುತ್ತೇನೆ, ನಿಂತಿದೆ, ತೊನೆಯುತ್ತಿದೆ, ಸುತ್ತುತ್ತಿದೆ ಎಂದು. ಜುಲೈ ಬೆಳಗ್ಗೆ ಬಾಣ ಪಶ್ಚಿಮಕ್ಕೆ ಮೂತಿಯಿಟ್ಟು ಸಣ್ಣಗೆ ನಡುಗುತ್ತ ನಿಂತಿರುತ್ತದೆ. ಏಪ್ರಿಲ್ ಮಧ್ಯಾಹ್ನ ಸುತ್ತುತ್ತಿರುತ್ತದೆ, ಕಾದ ನೆಲದಿಂದ ಬಿಸಿಗಾಳಿ ಏಳುವಾಗ ಸುತ್ತಲಿಂದ ಗಾಳಿ ಅಲ್ಲಿಗೆ ನುಗ್ಗುತ್ತದೆ. ಅಜ್ಜ ಬೇವಿನ ಮರದ ಹತ್ತಿರ ಆಳುಗಳನ್ನು ಕೂರಿಸಿ ಕಾಯುತ್ತಿದ್ದದ್ದು ಈ ಹೊತ್ತು ಕಳೆಯಲಿ ಎಂದೇ. ಬಾಣ ಸುಮ್ಮನೆ ನಿಂತಿದ್ದರೆ ಗಾಳಿಯಿಲ್ಲ ಎಂದೂ ಅಲ್ಲ. ಗಾಳಿಯ ಜೋರನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುವ ಬ್ಯೂಫೋರ್ಟ್ ಅಳತೆಯಲ್ಲಿ ಒಂದನೆಯ ಮೆಟ್ಟಿಲಿನ ಗಾಳಿ ಹೊಗೆಯನ್ನು ಓರೆ ಮಾಡುತ್ತದೆ, ದಿಕ್ಸೂಚಿಯನ್ನು ಅಲುಗಿಸುವುದಿಲ್ಲ. ಗಂಟೆಗೆ ಸುಮಾರು ಆರು ಕಿಲೋಮೀಟರ್ ದಾಟಿ ಎರಡನೆಯ ಮೆಟ್ಟಿಲು ಹತ್ತಿದಾಗಲೇ ಬಾಣಕ್ಕೆ ಗೊತ್ತಾಗುವುದು. ಚಳಿಗಾಲದ ಬೆಳಗುಗಳಲ್ಲಿ ನಾನು ಬಾಣ ಬಿಟ್ಟು ಎದುರು ಓಣಿಯ ಬಚ್ಚಲ ಒಲೆಯ ಹೊಗೆ ನೋಡುತ್ತೇನೆ.

ಮನೆಯಲ್ಲಿ ಬಾಣವನ್ನು ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹಚ್ಚಿದವಳು ಅವ್ವ. ಏಪ್ರಿಲ್, ಮೇ ಅಂದರೆ ತಾರಸಿಯ ತುಂಬ ಸಂಡಿಗೆ, ಹಪ್ಪಳ. ಅಡ್ಡಮಳೆಯ ದಿನಗಳೂ ಅವೇ. ಪಡುವಲ ಗಾಳಿ ಆರಾಮಾಗಿ ಬೀಸುತ್ತಿದ್ದುದು ಮಧ್ಯಾಹ್ನ ಮೂರರ ಮೇಲೆ ಒಮ್ಮೆಗೇ ಸತ್ತು, ಬಾಣ ಸುಮ್ಮನೆ ತೂಗಾಡಿ, ಮತ್ತೆ ಸರಕ್ಕನೆ ಮೋಡ ಕಪ್ಪಾದ ಕಡೆಗೆ ತಿರುಗಿ ನಿಂತಿತೆಂದರೆ ಮಳೆಗೆ ಕೆಲವೇ ನಿಮಿಷ. ಗುಡುಗು ಮೋಡದಿಂದ ಮಳೆಯೊಂದಿಗೆ ಇಳಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಮಳೆಗಿಂತ ಮುಂಚೆ ನಮ್ಮನ್ನು ತಲುಪುವುದು ಅದು. ಅವ್ವನಿಗೆ ಈ ವಿವರಣೆ ಬೇಕಿಲ್ಲ. "ಬಾಣ ತಿರಗೇತಿ, ಸಂಡಿಗಿ ತಗೀರಿ" ಎಂದು ಅಡುಗೆಮನೆಯ ಕಿಟಕಿಯಿಂದಲೇ ಕೂಗುತ್ತಾಳೆ.

ಮೇ 2021

ಆ ವರ್ಷದ ಲಾಕ್‌ಡೌನಿನಲ್ಲಿ ನಮಗೆಲ್ಲ ತಾರಸಿಯೇ ಊರಾಗಿತ್ತು. ಮೇ ಹದಿನಾಲ್ಕರ ಹೊತ್ತಿಗೆ ಲಕ್ಷದ್ವೀಪದ ಹತ್ತಿರ ತೌಕ್ತೆ ಚಂಡಮಾರುತ ಹುಟ್ಟಿತು. ಟಿವಿಯಲ್ಲಿ ಕರಾವಳಿಯ ಮನೆಗಳು, ದಡಕ್ಕೆ ಬಡಿಯುವ ಅಲೆಗಳು. ಧಾರವಾಡಕ್ಕೆ ಕಡಲು ದೂರ, ನಡುವೆ ಪಶ್ಚಿಮ ಘಟ್ಟ ಬೇರೆ. ಆದರೂ ಶನಿವಾರ ಬೆಳಗ್ಗೆ ಬಾಣ ನಿಂತ ರೀತಿ ನೋಡಿ ನಾನು ಮಗಳನ್ನು ಕರೆದೆ. ಮೇ ತಿಂಗಳಲ್ಲಿ ಹೆಚ್ಚಾಗಿ ಪಶ್ಚಿಮಕ್ಕೇ ಇರುವ ಬಾಣ ಅಂದು ಆಗ್ನೇಯದ ಕಡೆ ಮೂತಿ ಮಾಡಿತ್ತು.

ಹಾಲೆಂಡಿನ ಹವಾಮಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ಒಂದು ನಿಯಮವಿದೆ. ಭೂಮಿಯ ಉತ್ತರಾರ್ಧದಲ್ಲಿರುವವರು ಗಾಳಿಗೆ ಬೆನ್ನು ಕೊಟ್ಟು ನಿಂತರೆ ಒತ್ತಡ ಕಡಿಮೆಯಿರುವ ಜಾಗ ಎಡಗೈಯ ಕಡೆಗಿರುತ್ತದೆ. ನೆಲದ ಮೇಲೆ ಗಾಳಿ ಉಜ್ಜಾಟಕ್ಕೆ ಸಿಕ್ಕಿ ಸ್ವಲ್ಪ ಒಳಕ್ಕೆ ವಾಲುವುದರಿಂದ ಎಡಗೈಯನ್ನು ತುಸು ಮುಂದಕ್ಕೆ ಚಾಚಿದರೆ ಇನ್ನೂ ಸರಿ. ಚಂಡಮಾರುತವೆಂದರೆ ಒತ್ತಡ ತೀರ ಕುಸಿದ ಒಂದು ನಡು, ಅದರ ಸುತ್ತ ಗಾಳಿ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಮಗಳು ಬಾಣಕ್ಕೆ ಬೆನ್ನು ಮಾಡಿ ಎಡಗೈ ಚಾಚಿ ನಿಂತಳು. ಕೈ ನೈಋತ್ಯಕ್ಕೆ, ಕಾರವಾರಕ್ಕಿಂತ ಕೆಳಗೆ ಕಡಲಿನ ಕಡೆಗೆ ಹೋಯಿತು. ಭಾನುವಾರ ಬಾಣ ಹೆಚ್ಚುಕಡಿಮೆ ದಕ್ಷಿಣಕ್ಕೆ ಸರಿದಿತ್ತು, ಅವಳ ಕೈ ನೇರ ಪಶ್ಚಿಮಕ್ಕೆ. ಸೋಮವಾರ ಬಾಣ ದಕ್ಷಿಣ ದಾಟಿ ನೈಋತ್ಯದ ಕಡೆ ವಾಲಿತು, ಕೈ ವಾಯವ್ಯಕ್ಕೆ ಹೊರಳಿತು. ಆ ರಾತ್ರಿಯೇ, ಮೇ 17ರಂದು, ತೌಕ್ತೆ ಗುಜರಾತಿನ ತೀರಕ್ಕೆ ಅಪ್ಪಳಿಸಿತು. ನೂರಾರು ಮೈಲಿ ಆಚೆ ಕಡಲ ಮೇಲೆ ಹೋಗುತ್ತಿದ್ದುದನ್ನು ಆಂಟೆನಾ ಕಂಬದ ಮೇಲಿನ ಎರಡು ತಗಡು ಮೂರು ದಿನ ಹಿಂಬಾಲಿಸಿದ್ದವು. ಮಗಳು ಆ ದಿನಗಳ ಪುಟದಲ್ಲಿ ದಿಕ್ಕಿನ ಜೊತೆ ಸಣ್ಣ ಸಣ್ಣ ಕೈಗಳನ್ನೂ ಬಿಡಿಸಿದ್ದಾಳೆ. ಟಿವಿಯ ನಕ್ಷೆಯಲ್ಲಿ ಕೆಂಪು ಗೆರೆಯಾಗಿ ಕಂಡದ್ದು ಅವಳಿಗೆ ತನ್ನ ತೋಳಿನಲ್ಲೇ ತಿಳಿಯಿತು. ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠ ನಾನು ನೋಡಿಲ್ಲ.

ಮಳೆಗಿಂತ ಮುಂಚೆ

ಮಳೆ ಮೊದಲಲ್ಲ, ಗಾಳಿ ಮೊದಲು. ನಾನು ಹೇಳಬೇಕೆಂದಿರುವುದು ಇದನ್ನು, ಹವಾಮಾನ ಇಲಾಖೆಯ ಲೆಕ್ಕವೂ ಹೀಗೇ ಇದೆ. ಕೇರಳಕ್ಕೆ ಮುಂಗಾರು ಕಾಲಿಟ್ಟಿತು ಎಂದು ಘೋಷಿಸಲು ಬರಿಯ ಮಳೆ ಸಾಲದು. ಮಂಗಳೂರೂ ಸೇರಿ 14 ಕೇಂದ್ರಗಳಲ್ಲಿ ಶೇಕಡಾ 60ರಲ್ಲಿ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು ಎಂಬುದು ಒಂದು ಷರತ್ತು. ಅದರ ಜೊತೆಗೆ ಪಶ್ಚಿಮದ ಗಾಳಿ ನೆಲದಿಂದ ನಾಲ್ಕು ಕಿಲೋಮೀಟರಿನಷ್ಟು ಎತ್ತರದವರೆಗೆ ಗಟ್ಟಿಯಾಗಿ ನೆಲೆಗೊಂಡಿರಬೇಕು. ಗಾಳಿ ತಿರುಗದೆ ಬಂದ ಮಳೆ ಎಷ್ಟೇ ಜೋರಾಗಿರಲಿ, ಅಡ್ಡಮಳೆಯೇ. ರೋಹಿಣಿ ಮಳೆಗೆ ಹಿಗ್ಗಿ ಬೀಜ ಹಾಕಿ ಆಮೇಲೆ ಮುಗಿಲು ನೋಡುತ್ತ ಕೂತ ಎಷ್ಟು ವರ್ಷಗಳನ್ನು ನಮ್ಮ ಊರು ಕಂಡಿಲ್ಲ! ತಾರಸಿಯ ಬಾಣ ನಾಲ್ಕು ಕಿಲೋಮೀಟರ್ ಮೇಲಿನದನ್ನು ಹೇಳಲಾರದು. ಆದರೆ ರಾತ್ರಿಯೂ ಬೆಳಗ್ಗೆಯೂ ಪಶ್ಚಿಮ ಬಿಟ್ಟು ಕದಲದ ದಿನಗಳು ಶುರುವಾದವು ಎಂದರೆ ಋತು ತಿರುಗಿದೆ ಎಂದು ಅದು ಹೇಳುತ್ತದೆ. ಅಕ್ಟೋಬರಿನಲ್ಲಿಯೂ ಹಾಗೆಯೇ. ಮಳೆ ನಿಂತಿತೋ ಇಲ್ಲವೋ ಎಂದು ನಾವು ಮಾತಾಡುತ್ತಿರುವಾಗ ಬಾಣ ದಿಕ್ಕು ತಪ್ಪಿ ಅಲೆಯುತ್ತದೆ, ಕೆಲವು ದಿನ ಎಲ್ಲೂ ನಿಲ್ಲುವುದಿಲ್ಲ, ಆಮೇಲೊಂದು ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತದೆ. ಹಿಂಗಾರಿಯ ಗಾಳಿ.

ಇದನ್ನು ತಿಳಿದಮೇಲೆ ದಾರಿಯಲ್ಲೂ ಬಾಣಗಳು ಕಾಣತೊಡಗಿದವು. ಗದಗಿನ ಆಚೆ ಕಪ್ಪತಗುಡ್ಡದ ಸಾಲಿನಲ್ಲಿ ನಿಂತ ಗಾಳಿಯಂತ್ರಗಳು ಎಲ್ಲವೂ ಒಂದೇ ಕಡೆ ಮುಖ ಮಾಡಿರುತ್ತವೆ. ಪ್ರತಿಯೊಂದರ ನೆತ್ತಿಯ ಹಿಂಭಾಗದಲ್ಲೂ ನಮ್ಮ ತಾರಸಿಯದರಂಥದೇ ಒಂದು ಸಣ್ಣ ದಿಕ್ಸೂಚಿಯಿದೆ. ಅದು ಹೇಳಿದಂತೆ ಮೋಟಾರು ಅಷ್ಟು ದೊಡ್ಡ ತಲೆಯನ್ನು ನಿಧಾನ ತಿರುಗಿಸುತ್ತದೆ. ಹುಬ್ಬಳ್ಳಿ ವಿಮಾನ ನಿಲ್ದಾಣದ ರನ್‌ವೇಯ ಸಂಖ್ಯೆ 08/26. ಡಿಗ್ರಿಯ ಕೊನೆಯ ಸೊನ್ನೆ ಬಿಟ್ಟು ಬರೆಯುವ ರೂಢಿ ಅದು, 26 ಎಂದರೆ 260 ಡಿಗ್ರಿ, ಹೆಚ್ಚುಕಡಿಮೆ ಪಶ್ಚಿಮ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನ ಗಾಳಿ ಎತ್ತಲಿಂದ ಎಂಬುದು ಆ ಡಾಂಬರಿನ ಉದ್ದದಲ್ಲೇ ಇದೆ.

ನಮ್ಮ ಪುಸ್ತಕದಲ್ಲಿ ಬರೆಯುವ ಹೊತ್ತು ಬೆಳಗ್ಗೆ 8.30 ಮತ್ತು ಸಂಜೆ 5.30, ಹವಾಮಾನ ಕೇಂದ್ರಗಳು ವೀಕ್ಷಣೆ ಬರೆದುಕೊಳ್ಳುವ ಹೊತ್ತುಗಳು ಅವೇ. ಹೊತ್ತು ಒಂದೇ ಇದ್ದರೆ ಬೇರೆ ಊರಿನ ಲೆಕ್ಕದ ಪಕ್ಕ ಇಡಬಹುದು. ತಿಂಗಳ ಕೊನೆಗೆ ಎಂಟು ದಿಕ್ಕಿನ ಒಂದು ಚಕ್ರ ಬರೆದು, ಯಾವ ದಿಕ್ಕಿನ ಗಾಳಿ ಎಷ್ಟು ಸಲ ಬಂತೋ ಅಷ್ಟು ಉದ್ದದ ಗೆರೆ ಎಳೆಯುತ್ತೇವೆ. ಜುಲೈ ಚಕ್ರದಲ್ಲಿ ಪಶ್ಚಿಮದ ಕಡೆಗೇ ಎಲ್ಲ ಗೆರೆ. ಅಕ್ಟೋಬರಿನದು ಎಲ್ಲ ಕಡೆ ಗಿಡ್ಡ ಗಿಡ್ಡ.

ಕುಮಟಾದಲ್ಲಿರುವ ನಮ್ಮ ಭಾವನವರು ಈ ಚಕ್ರಗಳನ್ನು ನೋಡಿ ತಮ್ಮ ಮನೆಯ ಮೇಲೂ ಒಂದು ಬಾಣ ನಿಲ್ಲಿಸಿದ್ದಾರೆ. ಕಡಲ ತಡಿಯ ಗಾಳಿಯ ಕತೆ ಬೇರೆ. ಚಳಿಗಾಲದಲ್ಲಿ ಅಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಕಡಲಿಗೆ, ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ, ದಿನಕ್ಕೊಂದು ಸಲ ಬಾಣ ಮಗ್ಗುಲು ಬದಲಿಸುತ್ತದೆ. ನಮ್ಮಲ್ಲಿ ಮೂಡಲ ಗಾಳಿ ಜೋರಿರುವ ದಿನ ಅದು ಘಟ್ಟ ಇಳಿದು ಕಡಲ ಗಾಳಿಗೆ ಎದುರು ನಿಲ್ಲುತ್ತದೆ, ಅವರ ಬಾಣ ತಿರುಗುವುದು ತಡವಾಗಬೇಕು. ಎಷ್ಟು ತಡ ಎಂದು ನೋಡುವ ಆಸೆ ನಮ್ಮಿಬ್ಬರಿಗೂ. ಅದಕ್ಕೆ ಅವರು ಬೆಳಗ್ಗೆ ಸಂಜೆಯ ಜೊತೆಗೆ ಬಾಣ ತಿರುಗಿದ ಗಳಿಗೆಯನ್ನೂ ಬರೆಯತೊಡಗಿದ್ದಾರೆ. ಸಂಕ್ರಾಂತಿಗೆ ಬರುವಾಗ ಪುಸ್ತಕ ತರುತ್ತಾರೆ.